ಹೊಸ್ತಿಲು ಅಳೆದು ರೋಬೋ ಕೊಳ್ಳಿ

ಕಾರವಾರದ ನಮ್ಮ ಫ್ಲಾಟಿನಲ್ಲಿ ಕಸ ಎಂದರೆ ಮುಖ್ಯವಾಗಿ ಮರಳು. ಮಕ್ಕಳು ಸಂಜೆ ಟಾಗೋರ್ ಬೀಚಿನಲ್ಲಿ ಆಡಿ ಬಂದರೆ, ಎಷ್ಟು ಕಾಲು ತೊಳೆಸಿದರೂ, ಚಡ್ಡಿಯ ಮಡಿಕೆಯಿಂದ ಒಂದು ಮುಷ್ಟಿ ಮರಳು ಉದುರುತ್ತದೆ. ಶಿರಸಿ ಹತ್ತಿರದ ಊರಮನೆಯಲ್ಲಿ ಆಯಿ ಗುಡಿಸುವ ಕಸವೇ ಬೇರೆ. ಬೇಸಿಗೆಯಲ್ಲಿ ಕೆಂಪು ಧೂಳು. ಅಡಿಕೆ ಸುಲಿಯುವ ದಿನಗಳಲ್ಲಿ ಸಿಪ್ಪೆಯ ನಾರು. ಮಳೆ ಹಿಡಿಯಿತೆಂದರೆ ಕೆಸರು. ಆಯಿಗೆ ಮಂಡಿನೋವು ಶುರುವಾದ ಮೇಲೆ ಎರಡೂ ಮನೆಗೆ ಗುಡಿಸಿ ಒರೆಸುವ ರೋಬೋ ತಂದೆವು. ಒಂದೇ ಮಾದರಿ, ಎರಡು ಪೀಸು. ಕಾರವಾರದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಊರಲ್ಲಿ ನಡುಮನೆಯ ಹೊಸ್ತಿಲಿಗೆ ಮೂಗು ತಾಗಿಸಿ ನಿಂತುಬಿಟ್ಟಿತು.

ಯಂತ್ರದ ತಪ್ಪಿರಲಿಲ್ಲ. ಕೊಳ್ಳುವ ಮೊದಲು ನಾವು ಮನೆ ಅಳೆದಿರಲಿಲ್ಲ. ಯಾವ ಕಂಪನಿಯದು ಒಳ್ಳೆಯದು ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಒಂದು ಟೇಪು ತಗೊಳ್ಳಿ.

1. ಮನೆ ಅಳೆಯಿರಿ

ಮುಖ್ಯವಾದ ಅಳತೆ ಹೊಸ್ತಿಲಿನದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ರೋಬೋಗಳು ಹತ್ತುವುದು ಸುಮಾರು 2 ಸೆಂಟಿಮೀಟರ್. ಅಂದರೆ ಹೆಬ್ಬೆರಳಿನ ಅಗಲ, ಅಷ್ಟೇ. ಕೆಲವು ದುಬಾರಿ ಹೊಸ ಮಾದರಿಗಳು ಇದಕ್ಕಿಂತ ಜಾಸ್ತಿ ಹತ್ತುತ್ತವೆ. ಆದರೆ ನಮ್ಮ ಹಳೇ ಮನೆಗಳ ಹೊಸ್ತಿಲು ಅವಕ್ಕೂ ಎತ್ತರವೇ. ಆಯಿ ಮನೆಯ ನಡುಮನೆ ಹೊಸ್ತಿಲು 11 ಸೆಂಟಿಮೀಟರ್ ಇದೆ.

ಒಳಬಾಗಿಲಿನ ಹೊಸ್ತಿಲು 3-4 ಸೆಂಟಿಮೀಟರ್ ಇದ್ದರೆ ಒಂದು ಉಪಾಯ ಇದೆ. ಎರಡೂ ಬದಿಗೆ ಇಳಿಜಾರು ಹಲಗೆ ಮಾಡಿಕೊಡಲು ಆಚಾರಿಗೆ ಹೇಳಿ. 4 ಸೆಂಟಿಮೀಟರ್ ಎತ್ತರಕ್ಕೆ ಹಲಗೆ 25 ಸೆಂಟಿಮೀಟರ್ ಉದ್ದವಾದರೂ ಇರಲಿ. ಮೇಲೆ ತೆಳು ರಬ್ಬರ್ ಶೀಟ್ ಅಂಟಿಸಿದರೆ ಚಕ್ರ ಜಾರುವುದಿಲ್ಲ. ಹೆಬ್ಬಾಗಿಲಿನ ಹೊಸ್ತಿಲಿಗೆ ಮಾತ್ರ ಇದು ಬೇಡ. ಅಲ್ಲಿ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ದಾಟುತ್ತೇವೆ, ತುಳಿಯುವುದಿಲ್ಲ. ಬಾಗಿಲಲ್ಲಿ ರಂಗೋಲಿ ಹಾಕುವ ಜಾಗವನ್ನೂ ರೋಬೋದ ಮೊಬೈಲ್ ಆ್ಯಪಿನಲ್ಲಿ ಗೆರೆ ಎಳೆದು ಬಂದ್ ಮಾಡಿ. ಒದ್ದೆ ಬಟ್ಟೆಗೆ ರಂಗೋಲಿ ಹುಡಿ ಅಂಟಿದರೆ ಮನೆಯಿಡೀ ಬಿಳಿ ಗೆರೆ ಬೀಳುತ್ತದೆ.

ಆಮೇಲೆ ಮಂಚ, ಸೋಫಾ, ಕಪಾಟಿನ ಕೆಳಗಿನ ಸಂದು ಅಳೆಯಿರಿ. ತಲೆ ಮೇಲೆ ಲೇಸರ್ ಗೋಪುರ ಇರುವ ರೋಬೋ ಸುಮಾರು 10 ಸೆಂಟಿಮೀಟರ್ ಎತ್ತರ ಇರುತ್ತದೆ. ಗೋಪುರ ಇಲ್ಲದ್ದು ಸುಮಾರು 8. ಸಂದು ಇದಕ್ಕಿಂತ ಒಂದು ಸೆಂಟಿಮೀಟರ್ ಆದರೂ ಜಾಸ್ತಿ ಬೇಕು. ಇಲ್ಲವಾದರೆ ಒಳಗೆ ಹೋದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

2. ನೆಲದ ಬಣ್ಣ ನೋಡಿ

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ರೋಬೋದ ಹೊಟ್ಟೆಯ ಅಂಚಿನಲ್ಲಿ ಸಣ್ಣ ಸಣ್ಣ ಇನ್‌ಫ್ರಾರೆಡ್ ಕಣ್ಣುಗಳಿವೆ. ಅವು ಕೆಳಕ್ಕೆ ಬೆಳಕು ಬಿಡುತ್ತವೆ. ಬೆಳಕು ತಿರುಗಿ ಬಂದರೆ ನೆಲ ಇದೆ ಎಂದರ್ಥ. ಬಾರದಿದ್ದರೆ ಗುಂಡಿ ಇದೆ ಎಂದರ್ಥ. ಜಗಲಿಯ ಮೆಟ್ಟಿಲಿಂದ ಅದು ಕೆಳಗೆ ಬೀಳದೆ ಇರುವುದು ಈ ಕಣ್ಣುಗಳಿಂದಲೇ. ಆದರೆ ಕಪ್ಪು ನೆಲ ಬೆಳಕನ್ನು ನುಂಗುತ್ತದೆ. ಆಗ ಗಟ್ಟಿ ನೆಲವೂ ಅದಕ್ಕೆ ಗುಂಡಿಯಾಗಿ ಕಾಣುತ್ತದೆ.

ನಮ್ಮ ಫ್ಲಾಟಿನ ಅಡುಗೆಮನೆ ಬಾಗಿಲಲ್ಲಿ ಗೇಣಗಲದ ಕಪ್ಪು ಗ್ರಾನೈಟ್ ಪಟ್ಟಿ ಇದೆ. ಮೊದಲ ದಿನ ರೋಬೋ ಅಲ್ಲಿಯವರೆಗೆ ಸರಸರ ಬಂತು. ಪಟ್ಟಿಯ ಅಂಚಿಗೆ ಬಂದು ಗಕ್ಕನೆ ನಿಂತಿತು. ಹಿಂದೆ ಸರಿಯಿತು, ಸ್ವಲ್ಪ ಎಡಕ್ಕೆ ತಿರುಗಿ ಮತ್ತೆ ಬಂತು, ಮತ್ತೆ ಹಿಂದೆ ಸರಿಯಿತು. ಹೀಗೆ ಮೂರು ಸಲ ಆದಮೇಲೆ ಅಡುಗೆಮನೆಯನ್ನೇ ಬಿಟ್ಟು ಹೋಯಿತು. ಪಟ್ಟಿಯ ಮೇಲೆ ತಿಳಿ ಬಣ್ಣದ ತೆಳು ಶೀಟ್ ಅಂಟಿಸಿದ ಮೇಲೆ ಆರಾಮಾಗಿ ದಾಟುತ್ತಿದೆ. ಆ ಕಣ್ಣುಗಳಿಗೇ ಟೇಪು ಅಂಟಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಮೆಟ್ಟಿಲು, ಜಗಲಿ ಇರುವ ಮನೆಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಯಂತ್ರ ನೇರ ಅಂಗಳಕ್ಕೆ ಬೀಳುತ್ತದೆ.

ಕೆಂಪು ಗಾರೆ ನೆಲ, ಟೈಲ್ಸ್, ತಿಳಿ ಬಣ್ಣದ ಕಲ್ಲು, ಇವಕ್ಕೆ ತೊಂದರೆ ಇಲ್ಲ. ಸಗಣಿ ಸಾರಿಸಿದ ನೆಲಕ್ಕೆ ರೋಬೋ ಬೇಡವೇ ಬೇಡ.

3. ದಾರಿ ಹೇಗೆ ಹುಡುಕುತ್ತದೆ ಕೇಳಿ

2002ರಲ್ಲಿ ಬಂದ, ರೂಂಬಾ ಎಂಬ ಗುಡಿಸುವ ರೋಬೋದ ಮೊದಲ ಮಾದರಿಗೆ ನಕ್ಷೆ ಎಂಬುದೇ ಇರಲಿಲ್ಲ. ಗೋಡೆಗೆ ತಾಗಿ, ತಿರುಗಿ, ಇನ್ನೊಂದು ಕಡೆ ಹೋಗುತ್ತಿತ್ತು. ಲೇಸರ್ ಬಿಟ್ಟು ಕೋಣೆ ಅಳೆಯುವ ಯಂತ್ರ ಮನೆಬಳಕೆಗೆ ಬಂದದ್ದು 2010ರ ಹೊತ್ತಿಗೆ. ಈಗ ಅಗ್ಗದ ಮಾದರಿಗಳು ಎಷ್ಟು ತಿರುಗಿದೆ ಎಂದು ಅಳೆಯುವ ಗೈರೋಸ್ಕೋಪ್ ನಂಬಿ ಅಂದಾಜಿನಲ್ಲಿ ಓಡಾಡುತ್ತವೆ. ಮೇಲಿನವು ಲೇಸರ್ ಬಳಸುತ್ತವೆ. ಡಬ್ಬಿಯ ಮೇಲೆ ಲೈಡಾರ್ ಎಂದು ಬರೆದಿರುತ್ತದೆ. ಬರೀ ಕ್ಯಾಮೆರಾ ನಂಬಿ ಓಡುವವೂ ಇವೆ. ಅವಕ್ಕೆ ಬೆಳಕು ಬೇಕು. ನಮ್ಮ ಹಳೇ ಮನೆಗಳ ಒಳಕೋಣೆ ಹಗಲಲ್ಲೂ ಕತ್ತಲೆ ಅಲ್ವಾ? ಹಾಗಾಗಿ ಲೈಡಾರ್ ಇರುವುದನ್ನೇ ತಗೊಳ್ಳಿ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಲೇಸರಿಗೂ ಕೊರತೆ ಇದೆ. ಅದು ನೋಡುವುದು ಗೋಪುರದ ಎತ್ತರದಲ್ಲಿ. ನೆಲದ ಮೇಲೆ ಬಿದ್ದ ಚಾರ್ಜರ್ ವಯರು, ಕಾಲುಚೀಲ ಅದಕ್ಕೆ ಕಾಣುವುದಿಲ್ಲ. ದೊಡ್ಡ ಕನ್ನಡಿ, ಗಾಜಿನ ಬಾಗಿಲು ಇದ್ದರೆ ನಕ್ಷೆ ತಪ್ಪುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳು ಅಥವಾ ಬೆಕ್ಕು ಇದ್ದರೆ, ಲೇಸರ್ ಜೊತೆಗೆ ಎದುರಿನ ವಸ್ತು ಗುರುತಿಸುವ ಕ್ಯಾಮೆರಾ ಕೂಡ ಇರುವ ಮಾದರಿ ನೋಡಿ.

4. ಪ್ಯಾಸ್ಕಲ್ ಲೆಕ್ಕಕ್ಕೆ ಮರುಳಾಗಬೇಡಿ

ಹೀರುವ ಶಕ್ತಿಯನ್ನು ಪ್ಯಾಸ್ಕಲ್‌ನಲ್ಲಿ ಹೇಳುತ್ತಾರೆ. 3,000, 5,000, 10,000 ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಇದು ಅತಿ ಜೋರಿನಲ್ಲಿ ಓಡಿಸಿದಾಗಿನ ಲೆಕ್ಕ. ದಪ್ಪ ಕಾರ್ಪೆಟ್ ಇರುವ ದೇಶಗಳಲ್ಲಿ ಅದು ಮುಖ್ಯ. ಬರಿ ಟೈಲ್ಸ್ ನೆಲಕ್ಕೆ 3,000 ಬೇಕಾದಷ್ಟಾಯಿತು.

ನಮಗೆ ಮುಖ್ಯವಾದದ್ದು ಬ್ರಷ್. ಯಂತ್ರವನ್ನು ಅಡಿಮೇಲು ಮಾಡಿ ನೋಡಿ. ಪಕ್ಕದಲ್ಲಿ ಮೂರು ಕಡ್ಡಿಯ ಸಣ್ಣ ಬ್ರಷ್ ಇರುತ್ತದೆ. ಅದು ಜೋರಾಗಿ ತಿರುಗಿದರೆ ಮರಳನ್ನು ಒಳಗೆ ಎಳೆಯುವ ಬದಲು ಆಚೆ ಚೆಲ್ಲುತ್ತದೆ. ಅಂಗಡಿಗೆ ಹೋಗುವಾಗ ಒಂದು ಚಮಚ ಮರಳು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಕೇಳಿ ನೆಲಕ್ಕೆ ಹಾಕಿ ಓಡಿಸಿ ನೋಡಿ. ಗೋಡೆಯ ಬುಡಕ್ಕೆ ಕಾಳು ಸಿಡಿದು ಟಕಟಕ ಸದ್ದು ಬಂದರೆ ಆ ಮಾದರಿ ಕರಾವಳಿಗೆ ಹೇಳಿದ್ದಲ್ಲ. ಕೆಲವದರಲ್ಲಿ ಸದ್ದು ಕಡಿಮೆ ಇರುವ ಮೋಡ್‌ಗೆ ಹಾಕಿದರೆ ಸಿಡಿಯುವುದು ಕಡಿಮೆಯಾಗುತ್ತದೆ.

ನಡುವಿನ ದೊಡ್ಡ ಬ್ರಷ್ ಪೂರ್ತಿ ರಬ್ಬರಿನದ್ದಿದ್ದರೆ ಒಳ್ಳೆಯದು. ಕೂದಲಿನ ಬ್ರಷ್‌ಗೆ ಅಡಿಕೆ ನಾರು ಸುತ್ತಿಕೊಂಡರೆ ಬಿಡಿಸುವುದು ಬಲು ಕಷ್ಟ. ಆಯಿ ಮನೆಯದನ್ನು ಒಮ್ಮೆ ಬಿಚ್ಚಿದಾಗ ಬ್ರಷ್‌ನ ಎರಡೂ ತುದಿಯಲ್ಲಿ ನಾರು ಹಗ್ಗ ಹೊಸೆದ ಹಾಗೆ ಬಿಗಿದಿತ್ತು. ಕತ್ತರಿ ಹಾಕಿ ಬಿಡಿಸಬೇಕಾಯಿತು. ಸುಲಿಯುವ ಜಾಗವನ್ನು ಕಸಬರಿಗೆಯಲ್ಲಿ ಒಮ್ಮೆ ಗುಡಿಸಿಯೇ ಆಮೇಲೆ ರೋಬೋ ಬಿಡುವುದು ಈಗ ರೂಢಿ.

5. ಒರೆಸುವ ಬಗೆ ಯಾವುದು?

ನನ್ನ ಪ್ರಕಾರ ಬೆಲೆಯ ವ್ಯತ್ಯಾಸ ನಿಜವಾಗಿ ಕಾಣುವುದು ಇಲ್ಲಿ. ನಾಲ್ಕು ಬಗೆ ಇದೆ.

ಅಗ್ಗದ್ದರಲ್ಲಿ ಹಿಂಭಾಗಕ್ಕೆ ಒದ್ದೆ ಬಟ್ಟೆ ಕಟ್ಟಿರುತ್ತದೆ. ಸುಮ್ನೆ ಎಳೆದುಕೊಂಡು ಹೋಗುತ್ತದೆ. ಧೂಳು ಹೋಗುತ್ತದೆ, ಕಲೆ ಹೋಗುವುದಿಲ್ಲ. ಎರಡನೆಯದರಲ್ಲಿ ಬಟ್ಟೆ ವೇಗವಾಗಿ ಅದುರುತ್ತಾ ಉಜ್ಜುತ್ತದೆ. ಮೂರನೆಯದರಲ್ಲಿ ಎರಡು ದುಂಡು ಪ್ಯಾಡ್‌ಗಳು ನೆಲಕ್ಕೆ ಒತ್ತಿ ತಿರುಗುತ್ತವೆ. ಒಣಗಿದ ಚಹಾ ಕಲೆ, ಸಾಂಬಾರಿನ ಹನಿ ಇದಕ್ಕೆ ಬಿಡುತ್ತದೆ. ನಾಲ್ಕನೆಯದು ರೋಲರ್. ಓಡುತ್ತಿರುವಾಗಲೇ ರೋಲರಿಗೆ ಒಳ್ಳೆ ನೀರು ಬೀಳುತ್ತದೆ, ಕೊಳೆ ನೀರು ಬೇರೆ ತೊಟ್ಟಿಗೆ ಹೋಗುತ್ತದೆ. ಕೊಳೆ ಬಟ್ಟೆಯನ್ನೇ ಮನೆಯಿಡೀ ಎಳೆದಾಡುವುದು ತಪ್ಪುತ್ತದೆ. ಬೆಲೆ ಮಾತ್ರ ಜಾಸ್ತಿ.

ಯಾವ ಬಗೆ ತಂದರೂ ಒಂದು ಕ್ರಮ ತಪ್ಪಿಸಬೇಡಿ. ಗುಡಿಸುವುದು, ಒರೆಸುವುದು ಎರಡನ್ನೂ ಒಂದೇ ಸಲ ಮಾಡಿಸಬೇಡಿ. ನಮ್ಮ ಕೆಂಪು ಧೂಳಿಗೆ ನೀರು ತಾಗಿದರೆ ಕೆಸರೇ. ಬಟ್ಟೆ ಅದನ್ನು ಎಳೆದರೆ ಬಿಳಿ ಟೈಲ್ಸ್ ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆ ಏಳುತ್ತದೆ. ಮರಳಿನ ಕಾಳು ಬಟ್ಟೆಯಲ್ಲಿ ಸಿಕ್ಕಿದರೆ ನೆಲದ ಹೊಳಪೂ ಹೋಗುತ್ತದೆ. ಮೊದಲು ಪೂರ್ತಿ ಗುಡಿಸಲಿ, ಆಮೇಲೆ ಒರೆಸಲಿ. ಆ್ಯಪಿನಲ್ಲಿ ಈ ಆಯ್ಕೆ ಇದೆಯಾ ಎಂದು ಕೊಳ್ಳುವ ಮೊದಲೇ ಕೇಳಿ.

ನೀರು ಬಿಡುವುದು ಪಂಪಿನಿಂದಲೋ, ತನ್ನಷ್ಟಕ್ಕೆ ತೊಟ್ಟಿಕ್ಕುವುದೋ ಎಂದೂ ಕೇಳಿ. ತೊಟ್ಟಿಕ್ಕುವಂಥದ್ದು ನಿಂತಲ್ಲೇ ಹನಿಸುತ್ತದೆ. ಗಾರೆ ನೆಲದಲ್ಲಿ ಅಷ್ಟಗಲ ಮಚ್ಚೆ ಉಳಿಯುತ್ತದೆ. ತೊಟ್ಟಿಗೆ ಫಿನಾಯಿಲ್, ಆ್ಯಸಿಡ್ ಹಾಕಲೇಬಾರದು. ಒಳಗಿನ ಪೈಪು, ಪಂಪು ಹಾಳಾಗುತ್ತವೆ. ಕಡಲ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅಂಥ ನೀರೂ ಬೇಡ, ಕುಡಿಯುವ ನೀರೇ ಹಾಕಿ. ಹಿಡಿಯುವುದು ಎಷ್ಟು, ಕಾಲು ಲೀಟರಿನಷ್ಟು.

ಇನ್ನು ಮಳೆಗಾಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ಒರೆಸುವ ಬಟ್ಟೆಯ ಪಾಡು ಏನು? ಒಂದು ರಾತ್ರಿ ಪ್ಯಾಡ್ ತೆಗೆಯಲು ಮರೆತರೆ ಮಾರನೇ ದಿನ ಮನೆಯಿಡೀ ಮುಗ್ಗಲು ವಾಸನೆ. ಅದಕ್ಕೇ ಪ್ಯಾಡನ್ನು ತಾನೇ ತೊಳೆದು ಬಿಸಿಗಾಳಿಯಲ್ಲಿ ಒಣಗಿಸುವ ಡಾಕ್ (ರೋಬೋ ಚಾರ್ಜಿಗೆ ಬಂದು ನಿಲ್ಲುವ ಪೀಠ) ನಮ್ಮ ಜಿಲ್ಲೆಗೆ ನಿಜವಾಗಿ ಉಪಯೋಗದ ವಸ್ತು. ಒಣಗಲು ಎರಡರಿಂದ ನಾಲ್ಕು ಗಂಟೆ ಬೇಕು. ಅಷ್ಟು ದುಡ್ಡು ಹಾಕಲು ಆಗದಿದ್ದರೆ ಎರಡು ಜೊತೆ ಪ್ಯಾಡ್ ಹೆಚ್ಚಿಗೆ ತಂದಿಡಿ. ಕೆಲಸ ಮುಗಿದ ತಕ್ಷಣ ಬಿಚ್ಚಿ, ಹಿಂಡಿ, ಒಲೆ ಹತ್ತಿರದ ಬೆಚ್ಚಗಿನ ಜಾಗದಲ್ಲಿ ಹರವಿ. ಆಯಿ ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುತ್ತಾಳೆ.

6. ಕರೆಂಟು ಮತ್ತು ನೆಟ್

ಡಾಕ್‌ಗೆ ಸದಾ ಕರೆಂಟು ಬೇಕು. ರೋಬೋ ಕೆಲಸದಲ್ಲಿರುವಾಗ ಕರೆಂಟು ಹೋದರೆ ಡಾಕ್ ಬಿಡುವ ಸಂಕೇತ ನಿಲ್ಲುತ್ತದೆ. ಆಗ ಅದಕ್ಕೆ ವಾಪಸ್ ಸೇರಲು ಆಗುವುದಿಲ್ಲ. ಹತ್ತಿರ ಬಂದು ಹುಡುಕಾಡುತ್ತದೆ. ಕೈಯಲ್ಲಿ ಎತ್ತಿ ಇಟ್ಟರಾಯಿತು. ಗುಡುಗು ಸಿಡಿಲು ಶುರುವಾದರೆ ಟಿವಿಯ ಹಾಗೇ ಇದರ ಪ್ಲಗ್ಗನ್ನೂ ಕಿತ್ತಿಡಿ.

ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಆ್ಯಪು ಸೇರುತ್ತಿಲ್ಲ ಎಂದರೆ ಮೊದಲು ರೂಟರಿನಲ್ಲಿ ಇದನ್ನೇ ನೋಡಿ. ಊರಮನೆಯಲ್ಲಿ ನೆಟ್ ಸರಿ ಇಲ್ಲದಿದ್ದರೂ ಮೇಲಿನ ಬಟನ್ ಒತ್ತಿದರೆ ಓಡುತ್ತದೆ. ಗೆರೆ ಎಳೆಯಲು, ಕೋಣೆ ಆರಿಸಲು ಮಾತ್ರ ಆ್ಯಪು ಬೇಕು.

7. ಈಗ ಆರಿಸಿ

ಸಾದಾ ಯಂತ್ರ 15 ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಒಳ್ಳೆ ಲೈಡಾರ್ ಇರುವುದಕ್ಕೆ 20ರಿಂದ 30 ಸಾವಿರ. ತೊಳೆದು ಒಣಗಿಸುವ ಡಾಕ್ ಇದ್ದರೆ 50 ಸಾವಿರ ದಾಟಿ ಲಕ್ಷದವರೆಗೂ ಹೋಗುತ್ತದೆ. ಶಿಯೋಮಿ, ಇಕೋವ್ಯಾಕ್ಸ್, ಡ್ರೀಮಿ, ಯುರೇಕಾ ಫೋರ್ಬ್ಸ್ ಎಲ್ಲವೂ ನಮ್ಮಲ್ಲಿ ಸಿಗುತ್ತವೆ. ಕಂಪನಿಗಿಂತ ಮಾದರಿ ನೋಡಿ.

ಫ್ಲಾಟು, ಹೊಸ್ತಿಲಿಲ್ಲದ ಮನೆ, ಇಬ್ಬರೂ ಕೆಲಸಕ್ಕೆ ಹೋಗುವವರು ಎಂದಾದರೆ ದುಂಡು ಪ್ಯಾಡ್ ಮತ್ತು ಒಣಗಿಸುವ ಡಾಕ್ ಇರುವುದಕ್ಕೆ ದುಡ್ಡು ಹಾಕಿ. ಕೋಣೆಗೊಂದು ಎತ್ತರದ ಹೊಸ್ತಿಲಿರುವ ಹಳೇ ಮನೆಗೆ ದೊಡ್ಡ ಡಾಕ್ ದಂಡ. ರೋಬೋ ಡಾಕ್‌ಗೆ ತಾನಾಗಿ ವಾಪಸ್ ಬರುವುದೇ ಇಲ್ಲವಲ್ಲ. ಮೂರು ನಾಲ್ಕು ಕಿಲೋ ತೂಗುವ, ಲೈಡಾರ್ ಇರುವ, ಅದುರುವ ಬಟ್ಟೆಯ ಯಂತ್ರ ಸಾಕು. ಹೊಸ್ತಿಲು ದಾಟಿಸಿ ಕೋಣೆಗೆ ಬಿಟ್ಟು, ಬಟನ್ ಒತ್ತಿ, ಬಾಗಿಲು ಎಳೆದುಕೊಳ್ಳುವುದು. ಆಯಿ ಹಾಗೇ ಮಾಡುತ್ತಾಳೆ. ಬಗ್ಗುವುದು ದಿನಕ್ಕೆ ನಾಲ್ಕು ಸಲ, ಅಷ್ಟೇ. ಮೊದಲು ಪೂರ್ತಿ ಒಂದು ಗಂಟೆ ಕುಕ್ಕರಗಾಲಲ್ಲಿ ಕೂತು ಒರೆಸುತ್ತಿದ್ದವಳು.

ದುಡ್ಡು ಕೊಡುವ ಮೊದಲು ಸರ್ವಿಸ್ ಎಲ್ಲಿ ಎಂದು ಕೇಳಿ. ಶಿರಸಿಯಿಂದ ಹುಬ್ಬಳ್ಳಿಗೇ 100 ಕಿಲೋಮೀಟರಿನಷ್ಟು ದೂರ, ಕಾರವಾರದಿಂದ ಇನ್ನೂ ಜಾಸ್ತಿ. ಅದೇ ಮಾದರಿಯ ಫಿಲ್ಟರ್, ಬ್ರಷ್, ಪ್ಯಾಡ್ ಬಿಡಿಯಾಗಿ ಸಿಗುತ್ತದೆಯಾ ನೋಡಿ. ಕೆಲವು ಆ್ಯಪುಗಳು ಫಿಲ್ಟರಿಗೆ 150 ಗಂಟೆ, ಪಕ್ಕದ ಬ್ರಷ್‌ಗೆ 200, ದೊಡ್ಡ ಬ್ರಷ್‌ಗೆ 300 ಗಂಟೆ ಆಯುಷ್ಯ ತೋರಿಸುತ್ತವೆ. ಮರಳಿರುವ ಮನೆಯಲ್ಲಿ ಅಷ್ಟು ಬಾಳುವುದಿಲ್ಲ. ಫಿಲ್ಟರ್ ತೊಳೆಯುವಂಥದ್ದಾದರೆ ಪೂರ್ತಿ ಒಂದು ದಿನ ಒಣಗಿಸಿಯೇ ಹಾಕಿ. ವಾರಕ್ಕೊಮ್ಮೆ ಹೊಟ್ಟೆಯ ಕಣ್ಣುಗಳನ್ನೂ ಚಾರ್ಜಿಂಗ್ ತಗಡುಗಳನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪುಗಾಳಿಗೆ ಆ ತಗಡು ಬೇಗ ಕಪ್ಪಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ.

ಬಂದ ಮೊದಲ ವಾರವೇ ಎಲ್ಲ ಕೋಣೆಯಲ್ಲಿ ಓಡಿಸಿ ನೋಡಿ. ವಾಪಸ್ ಕೊಡಲು ಇರುವ ದಿನಗಳು ಕಡಿಮೆ. ಡಬ್ಬಿಯನ್ನು, ಒಳಗಿನ ಥರ್ಮೋಕೋಲ್ ಸಮೇತ, ಅಟ್ಟದ ಮೇಲೆ ಎತ್ತಿಡಿ. ಮುಂದೆ ರಿಪೇರಿಗೆ ಕಳಿಸುವಾಗ ಬಸ್ಸಿನ ಪಾರ್ಸೆಲ್ಲಿಗೆ ಅದೇ ಬೇಕಾಗುತ್ತದೆ.