ಹತ್ತು ಗುಂಟೆಯಲ್ಲಿ ಕುದುರೆ ಮಸಾಲೆ

ನಮ್ಮದು ಕೋಲಾರದ ಕಡೆ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಕೊಟ್ಟಿಗೆಯಲ್ಲಿ ಸೀಮೆ ಹಸುಗಳು. ನೇಪಿಯರ್ ಹುಲ್ಲಿಗೆ ಬರ ಇಲ್ಲ, ಹಸುವಿನ ಹೊಟ್ಟೆಯೂ ತುಂಬುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಡೈರಿ ಬಟವಾಡೆಯ ದೊಡ್ಡ ಪಾಲು ಹಿಂಡಿ ಅಂಗಡಿಗೆ ಹೋಗುತ್ತಿತ್ತು. ಕುದುರೆ ಮಸಾಲೆ, ಅಂದರೆ ಲೂಸರ್ನ್ ಅನ್ನೋ ಮೇವಿನ ಬೆಳೆ, ಹಾಕಿದ್ದು ಆ ಖರ್ಚನ್ನು ತಗ್ಗಿಸೋಕೆ. ಒಣತೂಕದ ಲೆಕ್ಕದಲ್ಲಿ ಇದರಲ್ಲಿ ಶೇ. 20ರ ಆಸುಪಾಸು ಪ್ರೋಟೀನ್. ನೇಪಿಯರ್‌ನಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು.

ಬಿತ್ತಿದ್ದು ಅಕ್ಟೋಬರ್ ಕೊನೆಗೆ, ಚಳಿ ಶುರುವಾಗುವಾಗ. ಬೀಜ ತುಂಬ ಸಣ್ಣದು, ಹೆಂಟೆ ಇದ್ದರೆ ಮೇಲೇಳುವುದಿಲ್ಲ. ಮಣ್ಣು ಪುಡಿಯಾಗುವವರೆಗೆ ಉತ್ತು, ತಿಪ್ಪೆ ಗೊಬ್ಬರದ ಜೊತೆ ಸೂಪರ್ ಫಾಸ್ಫೇಟ್ ಸೇರಿಸಿದೆ. ಹತ್ತು ಗುಂಟೆಗೆ ಎರಡೂವರೆ ಕೆ.ಜಿ. ಬೀಜ. ಬೆಲ್ಲದ ನೀರಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಜೀವಾಣು ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಮರಳು ಬೆರೆಸಿ ಅಡಿಗೊಂದು ಸಾಲಿನಂತೆ ಮೇಲುಮೇಲೆ ಬಿತ್ತಿದೆ. ಎರಚುವುದಕ್ಕಿಂತ ಸಾಲೇ ವಾಸಿ, ಕಳೆ ತೆಗೆಯೋರ ಸೊಂಟ ಉಳಿಯುತ್ತದೆ. ಮೊದಲ ಒಂದೂವರೆ ತಿಂಗಳು ಕೆಲಸವೆಲ್ಲ ಕಳೆಯದ್ದೇ.

ಬೀಜ ಕೊಳ್ಳುವಾಗ ಮಾತ್ರ ಅಗ್ಗ ನೋಡಬೇಡಿ. ಕಸ್ಕ್ಯೂಟ ಅಂತ ಬೇರಿಲ್ಲದ ಹಳದಿ ಬಳ್ಳಿಯೊಂದಿದೆ, ಅದರ ಬೀಜ ಇದರ ಜೊತೆಯಲ್ಲೇ ಬರುತ್ತದೆ. ಗಿಡಕ್ಕೆ ಸುತ್ತಿಕೊಂಡು ರಸ ಹೀರುತ್ತದೆ. ಎಲ್ಲೋ ಒಂದೆಳೆ ಕಂಡರೂ ಹೂ ಬಿಡುವ ಮುಂಚೆ ಸುತ್ತಲ ಗಿಡದ ಸಮೇತ ಕಿತ್ತು ಸುಡುತ್ತೇನೆ. ಒಮ್ಮೆ ಬೀಜ ಉದುರಿದರೆ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ.

ಮೊದಲ ಕೊಯ್ಲಿಗೆ ಎರಡು ತಿಂಗಳು ದಾಟಬೇಕು. ಅಲ್ಲಿವರೆಗೆ ಬೇರು ಇಳಿಯಲಿ. ಆಮೇಲೆ ಇಪ್ಪತ್ತೈದು, ಮೂವತ್ತು ದಿನಕ್ಕೊಂದು ಕೊಯ್ಲು. ನಾನು ದಿನ ಎಣಿಸುವುದಕ್ಕಿಂತ ಹೂ ನೋಡುತ್ತೇನೆ: ಅಲ್ಲೊಂದು ಇಲ್ಲೊಂದು ನೇರಳೆ ಹೂ ಬಿಟ್ಟಾಗ ಕುಡುಗೋಲು ಹಾಕಬೇಕು. ಪೂರ್ತಿ ಹೂವಾದರೆ ಕಾಂಡ ಗಟ್ಟಿ, ಹಸು ಎಲೆ ತಿಂದು ಕಡ್ಡಿ ಬಿಡುತ್ತದೆ. ಎಳೆಯದು ಚೆನ್ನಾಗಿದೆ ಅಂತ ಪದೇಪದೇ ಬೇಗ ಕೊಯ್ದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿ ಗಿಡವೇ ತೆಳುವಾಗುತ್ತದೆ. ಬುಡದಲ್ಲಿ ಮೂರು ನಾಲ್ಕು ಬೆರಳು ಬಿಟ್ಟು ಕೊಯ್ದರೆ ಚಿಗುರು ಬೇಗ. ಕೂಲಿಯವರಿಗೆ ಇದನ್ನು ಪ್ರತಿ ಸಲ ಹೇಳಬೇಕು, ನೆಲ ಸವರಿದರೇ ಅಚ್ಚುಕಟ್ಟು ಅನ್ನೋದು ಅವರ ಲೆಕ್ಕ.

ಇಬ್ಬನಿ ಇರುವಾಗ ಕೊಯ್ದದ್ದನ್ನು ಹಾಗೇ ಹಾಕುವುದಿಲ್ಲ. ಎಳೆ ಕುದುರೆ ಮಸಾಲೆಯನ್ನು ಹಸಿದ ಹಸು ಗಬಗಬ ತಿಂದರೆ ಹೊಟ್ಟೆಯಲ್ಲಿ ನೊರೆಗಟ್ಟಿ ಉಬ್ಬರ ಬರುತ್ತದೆ, ಎಡಪಕ್ಕೆ ಡೋಲಿನಂತೆ ಊದುತ್ತದೆ. ಹಾಗಾದರೆ ತಕ್ಷಣ ಪಶು ಡಾಕ್ಟರನ್ನು ಕರೆಸಬೇಕು, ತಡವಾದರೆ ಹಸು ಉಳಿಯುವುದು ಕಷ್ಟ. ಅದಕ್ಕೇ ಕೊಯ್ದದ್ದನ್ನು ಕೆಲವು ಗಂಟೆ ಬಾಡಿಸಿ, ಮೊದಲು ರಾಗಿ ಹುಲ್ಲು ಹಾಕಿ, ಆಮೇಲೆ ನೇಪಿಯರ್ ಜೊತೆ ಕತ್ತರಿಸಿ ಬೆರೆಸಿ ಕೊಡುತ್ತೇನೆ. ಹೀಗೆ ರೂಢಿಯಾದ ಮೇಲೆ ಹಿಂಡಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದೆ. ಹಾಲು ಇಳಿಯಲಿಲ್ಲ. ಪೂರ್ತಿ ನಿಲ್ಲಿಸೋಕೆ ಹೋಗಿಲ್ಲ, ಹೆಚ್ಚು ಹಾಲು ಕೊಡುವ ಹಸುವಿಗೆ ಅದು ಬೇಕೇ ಬೇಕು.

ಬೇರಿನ ಗಂಟುಗಳೇ ಸಾರಜನಕ ಹಿಡಿಯುವುದರಿಂದ ಯೂರಿಯಾ ಕೊಡುತ್ತಿಲ್ಲ. ಮಳೆಗಾಲದಲ್ಲಿ ನೀರು ನಿಂತ ಜಾಗದಲ್ಲಿ ಬುಡ ಕೊಳೆಯುತ್ತದೆ, ಅದಕ್ಕೆ ಮಡಿಯ ತಗ್ಗಿನ ಕಡೆ ಕಾಲುವೆ ತೆಗೆದಿದ್ದೇನೆ. ಮೂರು ವರ್ಷದ ನಂತರ ಗಿಡ ವಿರಳವಾಯಿತೆಂದರೆ ಉತ್ತು ಅಲ್ಲಿ ರಾಗಿ, ಕುದುರೆ ಮಸಾಲೆ ಪಕ್ಕದ ಮಡಿಗೆ.