ಬಟ್ಟೆ ಕಟ್ಟೂದು ಸೀನಿನ ಲೆಕ್ಕಕ್ಕಲ್ಲ, ಕಥೆಯ ದಿನದ ಲೆಕ್ಕಕ್ಕ
ಕಾಲೇಜಿನ ಲವ್ ಕಾಮಿಡಿ ಸಿನಿಮಾ ಮಾಡೂ ಹುಡುಗ-ಹುಡುಗೇರಿಗೆ ಒಂದು ಮಾತು: ಬಟ್ಟೆ, ಸಾಮಾನು ಸೀನಿನ ಪ್ರಕಾರ ಜೋಡಿಸಬ್ಯಾಡ್ರಿ, ಕಥೆಯೊಳಗಿನ ದಿನದ ಪ್ರಕಾರ ಚೀಲಕ್ಕ ಹಾಕ್ರಿ. ಕಥೆ 5 ದಿನದಾಗ ನಡೀತದ ಅಂದ್ರ ಪಾತ್ರಕ್ಕ 5 ಚೀಲ, ಮ್ಯಾಲೆ ‘ದಿನ 1’, ‘ದಿನ 2’ ಅಂತ ಚೀಟಿ. ಹುಡುಗಿ ಇಳಕಲ್ ಸೀರಿ ಉಡೂ ದಿನದ ಚೀಲದಾಗ ಗುಳೇದಗುಡ್ಡದ ಖಣದ ಕುಪ್ಪಸ, ಬಳಿ, ಜುಮಕಿ, ಆಕಿ ಕೈಯಾಗಿನ ಪತ್ರ ಎಲ್ಲಾ ಕೂಡೇ ಇರಬೇಕು. ಯಾಕಂದ್ರ ಶೂಟಿಂಗ್ ಕಥೆಯ ಕ್ರಮದಾಗ ಆಗೂದಿಲ್ಲ. ಬೆಳಗಾವಿ ಕೋಟೆ ಕೆರೆ ದಂಡಿ ಮ್ಯಾಲಿನ ಭೇಟಿ ಇವತ್ತ ತಗೀತೀರಿ, ಕಥೆಯೊಳಗ ಅದೇ ಸಂಜಿ ಆಕಿ ಮನಿ ಬಾಗಿಲಿಗೆ ಬರೂದನ್ನ ಎರಡು ವಾರ ಬಿಟ್ಟು ತಗೀತೀರಿ. ಇಳಕಲ್‌ದ ಕೆಂಪು ಸೆರಗು ದೂರದಿಂದನೂ ಎದ್ದು ಕಾಣ್ತದ, ತಲಿ ಮ್ಯಾಲಿದ್ದದ್ದು ಹೆಗಲಿಗೆ ಬಂದಿದ್ರ ನೋಡೂರಿಗೆ ತಟ್ಟನೆ ಗೊತ್ತಾಗ್ತದ. ಅದಕ್ಕ ಪ್ರತಿ ಸೀನ್ ಮುಗಿದ ಕೂಡಲೇ ಚೀಟಿ ಹಿಡಿಸಿ ಮುಂದ, ಹಿಂದ ಎರಡು ಫೋಟೋ ಹೊಡೀರಿ. ಚಹಾ ಚೆಲ್ಲೂ, ಮಳಿಯಾಗ ತೋಯೂ ಸೀನಿಗೆ ಮಾತ್ರ ಈ ಉಪಾಯ ಸಾಲೂದಿಲ್ಲ, ಅಲ್ಲಿ ಅದೇ ಅಂಗಿ ಇನ್ನೊಂದು ಬೇಕೇ ಬೇಕು. ಕುಂದಾ ತಿನ್ನೂ ಸೀನಿಗೂ ಹಂಗ: ಟೇಕಿಗೊಮ್ಮೆ ಡಬ್ಬಿ ಬರಿದಾಗ್ತದ, ಹೆಚ್ಚಿಗೆ ತಂದಿಡ್ರಿ. ಗೆಳತಿಯಿಂದ ಇಸಕೊಂಡ ಸೀರಿ ಇದ್ರ ಶೂಟಿಂಗ್ ಪೂರ್ತಿ ಮುಗಿಯೂತನಕ ಚೀಲದಾಗೇ ಇರ್ತದಂತ ಮೊದಲೇ ಕೇಳಿಕೊಳ್ಳ್ರಿ. ನಡುವ ಆಕಿ ಮದವಿಗೆ ಉಟ್ಟು ಹೋದ್ರ ಚೀಲ ಇದ್ದೂ ಉಪಯೋಗ ಇಲ್ಲ.