ಲೋಹಶೋಧನೆಗೆ ಯಾವ ಹೊತ್ತು ಸರಿ? ನೀರು, ನೆಲ, ಬೆಳಕು ನೋಡಿ ಹೊರಡುವ ಬಗೆ

ಮೆಟಲ್ ಡಿಟೆಕ್ಟರ್ ಕೊಂಡವರು ಮೊದಲು ವಿಚಾರಿಸುವುದು ಅದರ ಸೆಟ್ಟಿಂಗ್‌ಗಳ ಬಗ್ಗೆ. ಯಾವ ಹೊತ್ತಿಗೆ ಹೊರಡಬೇಕೆಂದು ಕೇಳುವವರು ಕಡಿಮೆ. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಹೊತ್ತು ತಪ್ಪಿದರೆ ಹುಡುಕಬೇಕಾದ ಜಾಗ ನೀರಿನಡಿ ಇರುತ್ತದೆ, ಇಲ್ಲವೇ ಒಣಗಿ ಕಲ್ಲಿನಂತಾಗಿರುತ್ತದೆ, ಇಲ್ಲವೇ ಜನರಿಂದ ತುಂಬಿರುತ್ತದೆ. ‘ಬೆಳಿಗ್ಗೆ ಬೇಗ ಹೋಗಿ’ ಎಂಬ ಒಂದೇ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ. ಆದ್ದರಿಂದ ಮೊದಲು ಜಾಗವನ್ನು ಗೊತ್ತುಮಾಡಿಕೊಳ್ಳಿ. ಅದರ ಮಾಲೀಕರ ಅಥವಾ ಉಸ್ತುವಾರಿ ನೋಡುವವರ ಒಪ್ಪಿಗೆ ಪಡೆಯಿರಿ. ಸಂರಕ್ಷಿತ ಸ್ಮಾರಕಗಳನ್ನೂ ಪುರಾತತ್ವ ನೆಲೆಗಳನ್ನೂ ಪೂರ್ತಿಯಾಗಿ ಕೈಬಿಡಿ. ಗಡಿಯಾರ ನೋಡುವುದು ಆಮೇಲಿನ ಕೆಲಸ.

ಕಡಲತೀರದಲ್ಲಿ ಇಳಿತದ ಲೆಕ್ಕ

ಹೊತ್ತಿನ ಆಯ್ಕೆ ಅತ್ಯಂತ ಮುಖ್ಯವಾಗುವುದು ಕಡಲತೀರದಲ್ಲಿ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಹೀಗಾಗಿ ಇಳಿತದ ವೇಳೆ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಂದು ಬೆಳಿಗ್ಗೆ 6ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಲ್ಕು ದಿನಗಳ ನಂತರ ಅದೇ ಇಳಿತ 9 ಗಂಟೆ 20 ನಿಮಿಷದ ಆಸುಪಾಸಿಗೆ ಬರುತ್ತದೆ. ಕಳೆದ ವಾರ ಅನುಕೂಲವಾಗಿದ್ದ ಹೊತ್ತನ್ನೇ ನಂಬಿ ಈ ವಾರವೂ ಹೊರಟವರಿಗೆ ಎದುರಾಗುವುದು ತುಂಬಿ ನಿಂತ ಕಡಲು. ಆರಂಭದ ದಿನಗಳಲ್ಲಿ ನಾನೂ ಹೀಗೆ ಬರಿಗೈಯಲ್ಲಿ ಮರಳಿದ್ದೇನೆ. ಆಯಾ ತೀರದ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ದಿನಕ್ಕೆ ಒಂದೇ ಉಬ್ಬರ ಕಾಣುವ ತೀರಗಳೂ ಇರುವುದರಿಂದ ಬೇರೆ ಊರಿನ ಪಟ್ಟಿಯನ್ನು ನೆಚ್ಚಿಕೊಳ್ಳಬಾರದು.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ ಎಂಬುದನ್ನು ಅರಿತರೆ ಹೊತ್ತನ್ನು ಇನ್ನಷ್ಟು ನಿಖರವಾಗಿ ಆರಿಸಬಹುದು. ಒಂದು ಇಳಿತದ ಸುಮಾರು ಆರು ಗಂಟೆಗಳನ್ನು ಭಾಗ ಮಾಡಿ ನೋಡಿ: ನಾವಿಕರು ಬಳಸುವ ಸರಳ ಲೆಕ್ಕದ ಪ್ರಕಾರ, ಮೊದಲ ಗಂಟೆಯಲ್ಲಿ ಒಟ್ಟು ಇಳಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು ಪಾಲು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಮತ್ತೆ ಒಂದೇ ಪಾಲು ನೀರು ಇಳಿಯುತ್ತದೆ. ಏರುವಾಗಲೂ ಇದೇ ಕ್ರಮ. ಅಂದರೆ ಇಳಿತದ ತುದಿಗೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ನೀರಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಅತ್ಯಂತ ಕೆಳಗಿನ ಮರಳು ನಮಗೆ ಸಿಗುವುದು ಈ ಎರಡು ಗಂಟೆ ಮಾತ್ರ. ಆದ್ದರಿಂದ ಇಳಿತಕ್ಕೆ ಎರಡು ಗಂಟೆ ಇರುವಾಗಲೇ ತೀರ ತಲುಪಿ, ಹಿಂದೆ ಸರಿಯುವ ನೀರಿನ ಅಂಚನ್ನೇ ಅನುಸರಿಸುತ್ತಾ ಕೆಳಗಿಳಿಯುವುದು ಒಳ್ಳೆಯದು. ಇಳಿತ ಮುಗಿದು ಒಂದು ಗಂಟೆಯಾದೊಡನೆ ಮೇಲಕ್ಕೆ ಹೊರಡಬೇಕು, ಏಕೆಂದರೆ ಅಲ್ಲಿಂದ ನೀರು ಏರುವ ವೇಗ ಇಮ್ಮಡಿ, ಮುಮ್ಮಡಿಯಾಗುತ್ತದೆ. ತಲೆ ಬಗ್ಗಿಸಿ, ಹೆಡ್‌ಫೋನ್ ಹಾಕಿಕೊಂಡವರಿಗೆ ಬೆನ್ನ ಹಿಂದಿನ ತಗ್ಗು ನೀರಿನಿಂದ ತುಂಬಿದ್ದು ತಿಳಿಯುವುದೇ ಇಲ್ಲ. ಕೈಗಡಿಯಾರದಲ್ಲಿ ಅಲಾರಂ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ನೀರು ಉಳಿದ ದಿನಗಳಿಗಿಂತ ಹೆಚ್ಚು ಹಿಂದೆ ಸರಿಯುವುದರಿಂದ ಅವನ್ನು ಮುಂಚಿತವಾಗಿ ಗುರುತು ಹಾಕಿಟ್ಟುಕೊಳ್ಳಬಹುದು. ದೊಡ್ಡ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋದ ಮೇಲಿನ ಮೊದಲ ಇಳಿತ ಇನ್ನೂ ಬೆಲೆಯುಳ್ಳದ್ದು. ಆಗ ಸಣ್ಣ ಕಲ್ಲು, ಚಿಪ್ಪುಗಳು ಒಂದು ಕಪ್ಪು ಪಟ್ಟಿಯಾಗಿ ಬಿದ್ದಿರುವ ಜಾಗವನ್ನು ಹುಡುಕಿ. ಹಗುರ ಮರಳು ತೊಳೆದುಹೋಗಿ ಭಾರದ ವಸ್ತುಗಳು ಉಳಿಯುವುದು ಅಲ್ಲಿಯೇ. ನಾಣ್ಯ, ಉಂಗುರಗಳೂ ಆ ಕಲ್ಲುಗಳ ಜೊತೆಗೇ ನಿಲ್ಲುತ್ತವೆ.

ಆದರೆ ನಿಮ್ಮದು ಒಂದೇ ಆವರ್ತನದಲ್ಲಿ ಕೆಲಸ ಮಾಡುವ ಸಾಮಾನ್ಯ ಯಂತ್ರವಾಗಿದ್ದರೆ, ಉಪ್ಪುನೀರು ವಿದ್ಯುತ್ತನ್ನು ಹರಿಸುವ ಕಾರಣ ಒದ್ದೆ ಮರಳಿನಲ್ಲಿ ಅದು ಸುಳ್ಳು ಸದ್ದು ಮಾಡುತ್ತಲೇ ಇರುತ್ತದೆ. ಅಂಥವರು ಇಳಿತಕ್ಕಾಗಿ ಕಾಯುವ ಬದಲು ಮೇಲಿನ ಒಣ ಮರಳನ್ನು ಆರಿಸಿಕೊಂಡು, ಜನ ಚದುರಿದ ಸಂಜೆಯಲ್ಲೋ ಮರುದಿನ ನಸುಕಿನಲ್ಲೋ ಹುಡುಕುವುದು ಲೇಸು.

ಹೊಲ, ಬಯಲು, ಉದ್ಯಾನ

ಒಳನಾಡಿನ ನೆಲದಲ್ಲಿ ಮೊದಲು ನೋಡಬೇಕಾದದ್ದು ತೇವ. ಅಂಗೈಗೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಅದುಮಿ: ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಒಡೆದರೆ ನೆಲ ಹದವಾಗಿದೆ, ಪುಡಿಯಾಗಿ ಸೋರಿದರೆ ಅಗೆಯುವುದು ಕಷ್ಟ, ಬೆರಳುಗಳ ನಡುವೆ ಕೆಸರಾಗಿ ಜಿನುಗಿದರೆ ನೆಲ ಹಾಳಾಗುತ್ತದೆ. ಮಳೆ ನಿಂತ ಮರುದಿನದ ಬೆಳಗು ಈ ಹದಕ್ಕೆ ಹೇಳಿ ಮಾಡಿಸಿದ್ದು. ಇಬ್ಬನಿ ಮೇಲ್ಪದರವನ್ನು ಮಾತ್ರ ನೆನೆಸುತ್ತದೆಯಾದರೂ ಹುಲ್ಲಿಗೆ ಅದರಿಂದ ಉಪಕಾರವಿದೆ. ಬೆಳಿಗ್ಗೆ ಬೇರುಸಹಿತ ಎತ್ತಿ ಮತ್ತೆ ಕೂರಿಸಿದ ಹುಲ್ಲಿನ ಹೆಂಟೆಗಿಂತ ಉರಿಬಿಸಿಲಲ್ಲಿ ಎತ್ತಿದ ಹೆಂಟೆ ಬೇಗ ಬಾಡುತ್ತದೆ, ನಮ್ಮ ಗುರುತು ಅಲ್ಲಿ ಹಳದಿ ಕಲೆಯಾಗಿ ಉಳಿಯುತ್ತದೆ. ಉದ್ಯಾನದಲ್ಲಿ ಒಪ್ಪಿಗೆ ಕೊಟ್ಟವರು ಮತ್ತೊಮ್ಮೆ ಒಪ್ಪಬೇಕಾದರೆ ಇದನ್ನು ಗಮನಿಸಲೇಬೇಕು.

ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲಿಗೆ ಇನ್ನೊಂದು ಗುಣವಿದೆ. ನಡುಹಗಲಲ್ಲಿ ಸಪಾಟಾಗಿ ಕಾಣುವ ಬಯಲಿನಲ್ಲಿ, ಸೂರ್ಯ ಕೆಳಗಿರುವಾಗ ಹಳೆಯ ದಾರಿಯ ತಗ್ಗು, ಬದುವಿನ ಉಬ್ಬುಗಳು ನೆರಳಿನಿಂದ ಎದ್ದು ಕಾಣುತ್ತವೆ. ಜನ ಓಡಾಡಿದ ದಾರಿಯಲ್ಲಿಯೇ ವಸ್ತುಗಳು ಬಿದ್ದಿರುವ ಸಂಭವ ಹೆಚ್ಚು, ಆದ್ದರಿಂದ ಯಂತ್ರ ಹಿಡಿಯುವ ಮುನ್ನ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ.

ನಡುಹಗಲು ಬಿಸಿಲಿನ ನಾಡುಗಳಲ್ಲಿ ದೇಹಕ್ಕೂ ನೆಲಕ್ಕೂ ಒಳ್ಳೆಯದಲ್ಲ. ನೆಲ ಹೆಪ್ಪುಗಟ್ಟುವ ಚಳಿಯ ನಾಡುಗಳಲ್ಲಿ ಮಾತ್ರ ಅದೇ ಸರಿಯಾದ ಹೊತ್ತು. ಗುಡುಗು ಕೇಳಿದರೆ ಯಾವ ಹೊತ್ತಾದರೂ ಬಯಲನ್ನು ಬಿಟ್ಟು ಒಳಗೆ ಹೋಗಬೇಕು.

ಸದ್ದಿನ ಪರೀಕ್ಷೆ

ಜಾಗ ತಲುಪಿದ ಮೇಲೆ ಯಂತ್ರವನ್ನು ಆನ್ ಮಾಡಿ, ಕಾಯಿಲನ್ನು, ಅಂದರೆ ನೆಲದ ಮೇಲೆ ಆಡಿಸುವ ಅದರ ತಟ್ಟೆಯಂಥ ಭಾಗವನ್ನು, ಅಲುಗಾಡಿಸದೆ ಗಾಳಿಯಲ್ಲಿ ಹಿಡಿಯಿರಿ. ಆಗಲೂ ಅದು ಚಿಟಪಟ ಎನ್ನುತ್ತಿದ್ದರೆ ಹತ್ತಿರದ ವಿದ್ಯುತ್ ತಂತಿ, ವಿದ್ಯುತ್ ಬೇಲಿ ಅಥವಾ ಜೇಬಿನ ಮೊಬೈಲ್ ಅಡ್ಡಿಪಡಿಸುತ್ತಿದೆ ಎಂದರ್ಥ. ಮೊಬೈಲನ್ನು ಆಫ್ ಮಾಡಿ, ಯಂತ್ರದ ಸೆನ್ಸಿಟಿವಿಟಿಯನ್ನು (ಸಂವೇದನೆಯ ಮಟ್ಟವನ್ನು) ತುಸು ಇಳಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಬೇರೆ ಹೊತ್ತಿಗೆ ಬಂದು ಪರೀಕ್ಷಿಸಬಹುದು, ಏಕೆಂದರೆ ಸುತ್ತಲಿನ ಉಪಕರಣಗಳು ದಿನವಿಡೀ ಚಾಲೂ ಇರುವುದಿಲ್ಲ. ಆಳದ ವಸ್ತುವಿನ ಸದ್ದು ಕೆಲವೊಮ್ಮೆ ಪಿಸುಮಾತಿನಷ್ಟು ಕ್ಷೀಣವಾಗಿರುವುದರಿಂದ, ಗಲಾಟೆಯಿಲ್ಲದ ಮುಂಜಾವು ನನಗೆ ಎಲ್ಲಕ್ಕಿಂತ ಇಷ್ಟ.

ರಾತ್ರಿಯ ಹುಡುಕಾಟವನ್ನು ಹೊಸಬರಿಗೆ ನಾನು ಸೂಚಿಸುವುದಿಲ್ಲ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಅಗೆದ ಗುಂಡಿಯೇನೋ ಕಾಣುತ್ತದೆ, ಗಾಜಿನ ಚೂರು ಮತ್ತು ಅಲೆಯ ಅಂಚು ಕಾಣುವುದಿಲ್ಲ. ಕತ್ತಲಲ್ಲಿ ಅಗೆಯುವವರನ್ನು ಕಂಡು ಜನ ಅನುಮಾನಪಡುವುದೂ ಸಹಜ. ಸಂಜೆ ಹೊರಟವರು ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗಲೇ ಹೊಸ ಗುಂಡಿ ತೋಡುವುದನ್ನು ನಿಲ್ಲಿಸಬೇಕು. ಆ ಅರ್ಧ ಗಂಟೆ ತೋಡಿದ್ದೆಲ್ಲವನ್ನೂ ಮುಚ್ಚಿ ಕಾಲಿನಿಂದ ಅದುಮಲು, ಸಿಕ್ಕ ಮೊಳೆ, ಡಬ್ಬಿಯ ಮುಚ್ಚಳಗಳನ್ನು ಚೀಲಕ್ಕೆ ತುಂಬಲು, ಮತ್ತು ಒಂದು ಪುಸ್ತಕದಲ್ಲಿ ದಿನಾಂಕ, ಇಳಿತದ ವೇಳೆ, ಮಣ್ಣಿನ ಹದ, ಮೊದಲ ಒಳ್ಳೆಯ ಸದ್ದು ಕೇಳಿದ ಗಂಟೆ ಇಷ್ಟನ್ನು ಬರೆದಿಡಲು ಬೇಕಾಗುತ್ತದೆ.